ಅರಸ ಕಾಶಿಗೆ, ದಂಡು ಮಂಗಳೂರಿಗೆ: ಬೆಳ್ಳಾರೆಯಿಂದ ಬಾವುಟಗುಡ್ಡೆಯ ತನಕ

ಮಂಗಳೂರಿನ ಬಾವುಟಗುಡ್ಡೆಯಲ್ಲಿ ಕೆದಂಬಾಡಿ ರಾಮಯ್ಯ ಗೌಡರ ಕಂಚಿನ ಪ್ರತಿಮೆಯ ಎದುರು ಫೋಟೊ ತೆಗೆಸಿಕೊಳ್ಳುವವರಿಗೆ ಕಡಿಮೆಯಿಲ್ಲ. ಈಸ್ಟ್ ಇಂಡಿಯಾ ಕಂಪನಿಯ ವಿರುದ್ಧ ಎದ್ದ, ಗೌಡರು ಮುಂದಾಳಾಗಿದ್ದ ಆ ದಂಡು ಯಾರ ಹೆಸರು ಹೇಳಿಕೊಂಡು ಇಲ್ಲಿಗೆ ಬಂತು ಎಂದು ಕೇಳಿದರೆ ಮಾತು ಕೊಡಗಿಗೆ ಹೋಗಿ ನಿಲ್ಲುತ್ತದೆ. ಅಲ್ಲಿನ ಕೊನೆಯ ಅರಸ ಚಿಕ್ಕ ವೀರರಾಜೇಂದ್ರನನ್ನು ಕಂಪನಿ ಸರಕಾರ 1834ರ ಏಪ್ರಿಲಿನಲ್ಲಿ ಪಟ್ಟದಿಂದ ಇಳಿಸಿತು. ರಾಣಿವಾಸದ ಸಮೇತ ಅವನನ್ನು ವೆಲ್ಲೂರಿಗೆ, ಆಮೇಲೆ ಕಾಶಿಗೆ ಸಾಗಿಸಿತು. ಅವನು ಹೋಗಿ ಮೂರು ವರ್ಷಕ್ಕೆ, 1837ರ ಮಾರ್ಚ್ ಕೊನೆಯಲ್ಲಿ, ಸುಳ್ಯ ಸೀಮೆಯ ಜನ ಬೆಳ್ಳಾರೆಯ ಖಜಾನೆ ಹಿಡಿದರು. ಏಪ್ರಿಲ್ 5ಕ್ಕೆ ಮಂಗಳೂರು ಅವರ ಕೈಯಲ್ಲಿತ್ತು. ಅದೇ ದಾರಿಯಲ್ಲಿ, ಅದೇ ಸೆಕೆಗಾಲದಲ್ಲಿ, ಘಟ್ಟದ ಬುಡದಿಂದ ಕಡಲಿನ ಕಡೆಗೆ ಇಳಿದ ಪ್ರವಾಸ ಇದು.

ಮೊದಲ ದಿನ: ಸುಳ್ಯ

ಭಾನುವಾರ ಹೊರಡುವುದು ಒಳ್ಳೆಯದು. ಸೋಮವಾರ ಪುತ್ತೂರಿನ ಸಂತೆ ಸಿಗುತ್ತದೆ. ಮಂಗಳೂರಿನಿಂದ ಸುಳ್ಯಕ್ಕೆ ಸುಮಾರು 85 ಕಿ.ಮೀ., ಸರಕಾರಿ ಬಸ್ಸು ಬೇಕಾದಷ್ಟಿದೆ. ಬಿ.ಸಿ. ರೋಡ್, ಮಾಣಿ, ಪುತ್ತೂರು ದಾಟಿದ ಮೇಲೆ ಗದ್ದೆ ಕಡಿಮೆಯಾಗಿ ಅಡಿಕೆ ಹೆಚ್ಚಾಗುತ್ತದೆ. ಜಾಲ್ಸೂರು ಬರುವಾಗ ಅಡಿಕೆಯ ಜೊತೆಗೆ ರಬ್ಬರೂ ಸೇರಿಕೊಳ್ಳುತ್ತದೆ.

ಸುಳ್ಯ ಪೇಟೆ ಉದ್ದಕ್ಕೆ ಒಂದೇ ಬೀದಿ, ಪಕ್ಕದಲ್ಲೇ ಪಯಸ್ವಿನಿ. ಈ ಹೊಳೆ ಕಾಸರಗೋಡಿನಲ್ಲಿ ಚಂದ್ರಗಿರಿ ಎನಿಸಿಕೊಂಡು ಸಮುದ್ರ ಸೇರುತ್ತದೆ. ಮಾರ್ಚ್ ಕೊನೆಗೆ ನೀರು ಬಂಡೆಯ ಸಂದಿಗೆ ಇಳಿದಿರುತ್ತದೆ. ಅಲ್ಲಲ್ಲಿ ಮರಳಿನ ಚೀಲ, ಹಲಗೆ, ಮಣ್ಣು ಹಾಕಿ ಕಟ್ಟ ಕಟ್ಟಿ ತೋಟಕ್ಕೆ ನೀರು ಹಿಡಿಯುತ್ತಾರೆ. ಮಧ್ಯಾಹ್ನ ಹನ್ನೆರಡರಿಂದ ಮೂರರವರೆಗೆ ಹೊರಗೆ ತಿರುಗುವ ಆಸೆ ಬಿಡಬೇಕು. ಬಿಸಿಲಿಗಿಂತ ಸೆಕೆಯೇ ಕಷ್ಟ, ಗಾಳಿ ಆಡುವುದಿಲ್ಲ. ಪುನರ್ಪುಳಿ ಶರಬತ್ತು ಎಲ್ಲ ಅಂಗಡಿಯಲ್ಲೂ ಇದೆ. ಒಣಗಿಸಿದ ಸಿಪ್ಪೆ ನೆನೆಸಿ ಮಾಡಿದ್ದು ಕೊಡಿ ಎಂದು ಕೇಳಿ; ಬಾಟಲಿಯ ಕೆಂಪು ಸಿರಪ್ಪಿಗೆ ಸೋಡ ಹಾಕಿಕೊಟ್ಟರೆ ಬಾಯಾರಿಕೆ ಇನ್ನೂ ಹೆಚ್ಚುತ್ತದೆ.

1834ರ ತನಕ ಈ ಊರು ಮಂಗಳೂರಿನ ಕಲೆಕ್ಟರಿಗೆ ಸೇರಿದ್ದಲ್ಲ, ಮಡಿಕೇರಿಗೆ ಸೇರಿದ್ದು. ಅರಸನನ್ನು ಇಳಿಸಿದ ಕಂಪನಿ ಅಮರಸುಳ್ಯ, ಪುತ್ತೂರು ಸೀಮೆಯನ್ನು ಕೊಡಗಿನಿಂದ ಕತ್ತರಿಸಿ ಕೆನರಾ ಜಿಲ್ಲೆಗೆ ಹೊಲಿಯಿತು. ದಂಗೆಯ ಬೀಜ ಇರುವುದು ಇಲ್ಲಿ. ಅದರ ಲೆಕ್ಕಾಚಾರ ಪುತ್ತೂರಿನ ಸಂತೆಯಲ್ಲಿ ನೋಡುವುದು ಸುಲಭ.

ಸಂಜೆ ಚಾ ಅಂಗಡಿಯಲ್ಲಿ ಮಾತು ಎತ್ತಿದರೆ 1837ಕ್ಕಿಂತ ಮೊದಲು 2022 ಬರುತ್ತದೆ. ಅದಕ್ಕೆ ಕಾರಣವಿದೆ. 1964ರ ಶಾಸ್ತ್ರಿ–ಸಿರಿಮಾವೊ ಒಪ್ಪಂದದ ಮೇಲೆ ಶ್ರೀಲಂಕಾದ ಚಹಾ ತೋಟಗಳಿಂದ ಬಂದ ತಮಿಳು ಕುಟುಂಬಗಳಿಗೆ ಸರಕಾರ ಈ ತಾಲೂಕಿನ ಅರಣ್ಯ ಅಭಿವೃದ್ಧಿ ನಿಗಮದ ರಬ್ಬರ್ ತೋಟಗಳಲ್ಲಿ ಕೆಲಸ ಕೊಟ್ಟಿತ್ತು. ಅವರ ಮಕ್ಕಳು, ಮೊಮ್ಮಕ್ಕಳು ಇಲ್ಲೇ ಇದ್ದಾರೆ. ತಮಿಳಿನಷ್ಟೇ ಸರಾಗವಾಗಿ ಕನ್ನಡ, ತುಳು ಆಡುತ್ತಾರೆ. 2022ರ ಜುಲೈ 13ರಂದು ಶ್ರೀಲಂಕಾದ ಆಗಿನ ಅಧ್ಯಕ್ಷ ಗೋಟಬಾಯ ರಾಜಪಕ್ಸ ವಾಯುಪಡೆಯ ವಿಮಾನದಲ್ಲಿ ಮಾಲ್ಡೀವ್ಸಿಗೆ, ಮರುದಿನ ಸಿಂಗಪುರಕ್ಕೆ ಹೋಗಿ ಅಲ್ಲಿಂದ ಇಮೇಲಿನಲ್ಲಿ ರಾಜೀನಾಮೆ ಕಳಿಸಿದರಲ್ಲ, ಆ ವಿಮಾನ ಎಲ್ಲಿ ಹಾರುತ್ತಿದೆ ಎಂದು ಜನ ಮೊಬೈಲಿನಲ್ಲೇ ನೋಡುತ್ತಿದ್ದರು. 2024ರ ಆಗಸ್ಟ್ 5ರಂದು ಬಾಂಗ್ಲಾದೇಶದ ಆಗಿನ ಪ್ರಧಾನಿ ಶೇಖ್ ಹಸೀನಾ ಢಾಕಾ ಬಿಟ್ಟು ದೆಹಲಿಯ ಹತ್ತಿರದ ಹಿಂಡನ್ ವಾಯುನೆಲೆಗೆ ಇಳಿದಾಗಲೂ ಅದೇ ಆಯಿತು.

ಬೆಂಚಿನ ಆ ತುದಿಯಲ್ಲಿ ಕುಳಿತಿದ್ದ ರಬ್ಬರ್ ಟ್ಯಾಪಿಂಗ್ ಕೆಲಸದವರೊಬ್ಬರ ತಕರಾರು ಬೇರೆ ಥರದ್ದು: "ಗ್ಯಾಸಿಗೆ ಕ್ಯೂ ನಿಂತವರು ಅಲ್ಲೇ ಉಳಿದರು ಸರ್. ಇವರು ಹೋಗಿ, ಎರಡು ತಿಂಗಳೊಳಗೆ ತಿರುಗಿ ಬಂದೂ ಆಯ್ತು." ರಾಜಪಕ್ಸ ಮರಳಿದ್ದು ಸೆಪ್ಟೆಂಬರ್ 2ಕ್ಕೆ, ಅವರ ಲೆಕ್ಕ ಸರಿಯಾಗಿಯೇ ಇತ್ತು. ಅಂಗಡಿಯವರು ಗ್ಲಾಸು ತೊಳೆಯುತ್ತಾ ಒಂದು ಮಾತು ಸೇರಿಸಿದರು: "ನಮ್ಮ ಅರಸು ತಿರುಗಿ ಬರ್ಲೇ ಇಲ್ಲ ಮಾರಾಯ್ರೆ. ಬಾರದ್ದು ಒಳ್ಳೇದೇ ಆಯ್ತೋ ಏನೋ."

ರಾತ್ರಿ ಎಂಟರ ಸುಮಾರಿಗೆ ಘಟ್ಟದ ಕಡೆಯಿಂದ ಗುಡುಗು, ಆಮೇಲೆ ಸಿಡಿಲು, ಕಾಲು ಗಂಟೆ ಬಿರುಮಳೆ. ಕರೆಂಟು ಹೋದದ್ದು ಬೆಳಗ್ಗೆಯೇ ಬಂತು. ಈ ತಿಂಗಳಲ್ಲಿ ಸುಳ್ಯದಲ್ಲಿ ಉಳಿಯುವವರು ಮೊಬೈಲನ್ನು ಸಂಜೆಯೇ ಚಾರ್ಜ್ ಮಾಡಿಕೊಳ್ಳಬೇಕು. ಗುಡುಗು ಕೇಳಿದ ಮೇಲೆ ಪ್ಲಗ್ಗಿಗೆ ಹಾಕಿ ಇಡುವ ಧೈರ್ಯ ಊರವರೂ ಮಾಡುವುದಿಲ್ಲ.

ಎರಡನೇ ದಿನ: ಬೆಳ್ಳಾರೆ, ಪುತ್ತೂರು

ಬೆಳ್ಳಾರೆಗೆ ಪೈಚಾರಿನಲ್ಲಿ ಹೆದ್ದಾರಿ ಬಿಟ್ಟು ಸೋಣಂಗೇರಿ ದಾರಿ ಹಿಡಿಯಬೇಕು. ಬೆಳಗ್ಗೆ ಆರಕ್ಕೇ ಹೊರಟರೆ ದಾರಿಬದಿಯ ತೋಟದಲ್ಲಿ ಟ್ಯಾಪಿಂಗ್ ನೋಡಲು ಸಿಗುತ್ತದೆ. ಹಿಂದಿನ ದಿನದ ಗಾಯದಲ್ಲಿ ಒಣಗಿ ಅಂಟಿದ ರಬ್ಬರ್ ದಾರವನ್ನು ಮೊದಲು ಎಳೆದು ತೆಗೆಯುತ್ತಾರೆ; ಆಮೇಲೆ ಬಾಗಿದ ಕತ್ತಿಯಿಂದ ತೊಗಟೆಯ ತೆಳು ಪದರ ಮಾತ್ರ, ಓರೆಯಾಗಿ, ಎಡದಿಂದ ಬಲಕ್ಕೆ ಇಳಿಜಾರಾಗಿ ಕೆತ್ತುತ್ತಾರೆ. ಕತ್ತಿ ಆಳಕ್ಕೆ ಹೋಗಿ ಮರಕ್ಕೆ ತಾಗಿದರೆ ಆ ಜಾಗದಲ್ಲಿ ಗಂಟು ಎದ್ದು ಮುಂದೆ ಕತ್ತಿ ಓಡುವುದಿಲ್ಲ. ಬಿಸಿಲೇರುವ ಮೊದಲೇ ಕೆತ್ತುವುದೇಕೆಂದರೆ ತಂಪಿನಲ್ಲಿ ಹಾಲು ಹೆಚ್ಚು ಹೊತ್ತು ಇಳಿಯುತ್ತದೆ. ಎಲೆ ಉದುರಿ ಚಿಗುರುವ ಈ ಸಮಯದಲ್ಲಿ ಇಳುವರಿ ಕಡಿಮೆ, ಹಲವು ತೋಟಗಳಲ್ಲಿ ಕೆಲಸವೇ ನಿಲ್ಲಿಸಿರುತ್ತಾರೆ.

ರಾತ್ರಿಯ ಗಾಳಿಗೆ ಸೋಣಂಗೇರಿಯಿಂದ ಮುಂದೆ ಒಂದು ಹಾಲುಮಡ್ಡಿ ಮರ ರಸ್ತೆಗೆ ಅಡ್ಡ ಬಿದ್ದಿತ್ತು. ಇಂಥ ಕಡೆ ಕಾರು ಹಿಂದೆ ತಿರುಗಿಸಿ ಮ್ಯಾಪ್ ತೋರಿಸುವ ಅಡ್ಡದಾರಿ ಹಿಡಿಯುವುದು ಬೇಡ. ಅವು ತೋಟದ ಗೇಟಿನ ಎದುರು ಮುಗಿಯುತ್ತವೆ. ಅರ್ಧ ಗಂಟೆ ಕಾದರೆ ಸಾಕು, ಯಂತ್ರದ ಗರಗಸ ಇರುವ ಮನೆ ಪ್ರತಿ ಊರಲ್ಲೂ ಒಂದಾದರೂ ಇದೆ. ಅಂದೂ ಹಾಗೆಯೇ ಆಯಿತು. ಮರ ಕಡಿದವರು ಕೊಂಬೆ ಬದಿಗೆ ಎಳೆದು, ವಿದ್ಯುತ್ ತಂತಿ ಮುಟ್ಟಬೇಡಿ ಎಂದು ಎಲ್ಲರಿಗೂ ಎರಡೆರಡು ಸಲ ಹೇಳಿ ಹೋದರು.

ಬೆಳ್ಳಾರೆ ಪೇಟೆಯಲ್ಲಿ 'ಬಂಗ್ಲೆಗುಡ್ಡೆ ಎಲ್ಲಿ' ಎಂದು ಕೇಳಿದರೆ ಯಾರಾದರೂ ಕೈ ತೋರಿಸುತ್ತಾರೆ. 1837ರ ಮಾರ್ಚ್ 30ರಂದು ದಂಡು ಹಿಡಿದ ಕಂಪನಿಯ ಖಜಾನೆ ಇದ್ದದ್ದು ಅಲ್ಲಿ. ಗುಡ್ಡೆಯ ಮೇಲೆ ನಿಂತರೆ ಈ ಜಾಗವನ್ನೇ ಯಾಕೆ ಆರಿಸಿದರು ಎಂದು ಕಾಣುತ್ತದೆ: ಪೇಟೆಗೆ ಬರುವ ದಾರಿಗಳೆಲ್ಲ ಕಣ್ಣಿಗೆ ಬೀಳುತ್ತವೆ. ದಂಗೆಗೆ ಮೊದಲು ಹಣ ಬೇಕು, ಹಣ ಇದ್ದದ್ದು ಇಲ್ಲಿ. ಆರಂಭ ಇಲ್ಲೇ ಆದದ್ದಕ್ಕೆ ಬೇರೆ ಕಾರಣ ಹುಡುಕಬೇಕಾಗಿಲ್ಲ.

ದಂಡಿನ ಮುಂದೆ ಇದ್ದವನು ಅರಸನಲ್ಲ, ಅರಸನ ವಂಶದವನೂ ಅಲ್ಲ. ಕೊಡಗನ್ನು ಆಳಿದ ಹಾಲೇರಿ ಮನೆತನದವರೆಂದು ಹೇಳಿಕೊಂಡ ಅಪರಂಪಾರ ಮತ್ತು ಕಲ್ಯಾಣಸ್ವಾಮಿ ಎಂಬ ಇಬ್ಬರು ಜಂಗಮ ವೇಷದವರನ್ನು ಕಂಪನಿ ಅಷ್ಟರಲ್ಲೇ ಹಿಡಿದಾಗಿತ್ತು. ಆಗ ಪುಟ್ಟಬಸಪ್ಪ ಎಂಬವನನ್ನೇ ಕಲ್ಯಾಣಸ್ವಾಮಿ ಎಂದು ನಿಲ್ಲಿಸಿದರು. ಊರ ಬಾಯಲ್ಲಿ ಇಡೀ ಪ್ರಕರಣ 'ಕಲ್ಯಾಣಪ್ಪನ ಕಾಟಕಾಯಿ' ಆಗಿ ಉಳಿದದ್ದು ಅದರಿಂದ. ನಿಜವಾದ ಅರಸ ಮಡಿಕೇರಿಯ ಅರಮನೆಯಲ್ಲೇ ಇದ್ದಿದ್ದರೆ ಈ ಆಟ ನಡೆಯುತ್ತಿರಲಿಲ್ಲ. ಅವನ ಕ್ರೌರ್ಯದ ಕತೆಗಳು ಜನರಿಗೆ ಗೊತ್ತಿದ್ದವು; ಸ್ವಂತ ತಂಗಿ ದೇವಮ್ಮಾಜಿಯೇ ಗಂಡನ ಜೊತೆ ಇಂಗ್ಲಿಷರ ಆಶ್ರಯಕ್ಕೆ ಓಡಿದ್ದಳು. ಕಾಶಿಗೆ ಹೋದ ಅರಸನ ಹೆಸರನ್ನು ಮಾತ್ರ ಯಾರು ಬೇಕಾದರೂ ಬಳಸಬಹುದಿತ್ತು. ಈ ದಾರಿಯುದ್ದಕ್ಕೂ ತಲೆಯಲ್ಲಿ ಇಟ್ಟುಕೊಳ್ಳಬೇಕಾದ ಸಂಗತಿ ಇದೇ.

ಬೆಳ್ಳಾರೆಯಿಂದ ಪೆರುವಾಜೆ, ಕೆಯ್ಯೂರು, ಕುಂಬ್ರ ಮೂಲಕ ಪುತ್ತೂರಿಗೆ. ರಸ್ತೆ ಕಿರಿದು, ತಿರುವು ಹೆಚ್ಚು. ಎದುರಿನಿಂದ ಖಾಸಗಿ ಬಸ್ಸು ಬಂದರೆ ಚಕ್ರ ಮಣ್ಣಿಗೆ ಇಳಿಸಲೇಬೇಕು. ಬಸ್ಸಿನಲ್ಲಿ ಹೋಗುವವರು ಸಂಜೆಯಾಗುವ ಮೊದಲೇ ಹೊರಡಿ. ದಾರಿಯ ಗೂಡಂಗಡಿಗಳಲ್ಲಿ ಬನ್ಸ್ ಚೆನ್ನಾಗಿರುತ್ತದೆ, ಆದರೆ ನೆಟ್‌ವರ್ಕ್ ಇರುವುದಿಲ್ಲ. ಫೋನ್ ಪೇ ಮಾಡುತ್ತೇನೆಂದು ಬರಿಗೈಯಲ್ಲಿ ಹೋದವರು ಅಂಗಳದ ಮೂಲೆಯಲ್ಲಿ ಮೊಬೈಲು ಎತ್ತಿ ಹಿಡಿದು ನಿಲ್ಲಬೇಕು. ನಗದಿಲ್ಲದೆ ಪರದಾಡುವುದು ಈ ಸೀಮೆಗೆ ಹೊಸತೇನೂ ಅಲ್ಲ.

ಪುತ್ತೂರಿನ ಸೋಮವಾರದ ಸಂತೆ ಕಿಲ್ಲೆ ಮೈದಾನದಲ್ಲಿ. ಹಸಿ ತರಕಾರಿ, ಒಣಮೀನು, ಬೆಲ್ಲ, ಹೊಗೆಸೊಪ್ಪು, ಬುಟ್ಟಿ, ಕತ್ತಿ. ಈ ವಾರ ಎಳೆ ಹಲಸು ರಾಶಿ ಬಿದ್ದಿತ್ತು. ಬೆಳಗ್ಗೆ ಕೇಳಿದ ಬೆಲೆಗೂ ಸಂಜೆ ಐದಕ್ಕೆ ಕೇಳಿದ ಬೆಲೆಗೂ ಅಜಗಜಾಂತರ, ಯಾಕೆಂದರೆ ಉಳಿದದ್ದನ್ನು ವಾಪಸು ಹೊತ್ತುಕೊಂಡು ಹೋಗುವವರಿಲ್ಲ. 1834ರ ನಂತರ ರೈತನಿಗಾದದ್ದು ಇದೇ ಲೆಕ್ಕ. ಅರಸನ ಕಾಲದಲ್ಲಿ ತೀರ್ವೆ, ಅಂದರೆ ಭೂಕಂದಾಯ, ಭತ್ತದ ರೂಪದಲ್ಲಿ ಸಲ್ಲುತ್ತಿತ್ತು. ಬೆಳೆದದ್ದನ್ನು ಅಳೆದು ಕೊಟ್ಟರೆ ಮುಗಿಯಿತು. ಕಂಪನಿ ನಾಣ್ಯವನ್ನೇ ಕೇಳಿತು. ಊರಿಗೆ ಊರೇ ಒಂದೇ ಸಮಯಕ್ಕೆ ಮಾರಲು ಹೊರಟರೆ ಬೆಲೆ ಬೀಳುತ್ತದೆ. ಎರಡು ಮುಡಿ ಅಕ್ಕಿ ಮಾರಿದರೆ ಸಾಲುತ್ತಿದ್ದ ಕಡೆ ಮೂರು ಹೋಗುತ್ತದೆ, ಅದೂ ಸಾಲದಿದ್ದರೆ ಸಾಹುಕಾರನ ಬಾಗಿಲು. ಒಂದು ಮುಡಿಗೆ ಮೂರು ಕಳಸಿಗೆ, ಕಳಸಿಗೆಗೆ ಹದಿನಾಲ್ಕು ಸೇರು, ಒಟ್ಟು 42 ಸೇರು: ಮನೆಯವರು ಕೈಯಾರೆ ಬೈಹುಲ್ಲಿನಲ್ಲಿ ಸುತ್ತಿ, ಹಗ್ಗ ಬಿಗಿದು, ಮರದ ಕೊಡತಿಯಿಂದ ಬಡಿದು ಉರುಟು ಮಾಡಿದ ಗಂಟು. ಅದು ಒಂದು ಹೆಚ್ಚು ಹೋದರೆ ಮಳೆಗಾಲದ ಆಟಿ ತಿಂಗಳಲ್ಲಿ ಒಲೆಯ ಮುಂದೆ ಗೊತ್ತಾಗುತ್ತದೆ. ಇದರ ಮೇಲೆ ಉಪ್ಪು, ಹೊಗೆಸೊಪ್ಪಿನ ಮೇಲಿನ ಕಂಪನಿಯ ಹಿಡಿತ ಬೇರೆ. ಕಲ್ಯಾಣಸ್ವಾಮಿಯ ಹೆಸರಿನಲ್ಲಿ ಊರೂರಿಗೆ ಹೋದ ನಿರೂಪಗಳು ಕಂದಾಯ ಮನ್ನಾ, ಉಪ್ಪು–ಹೊಗೆಸೊಪ್ಪಿನ ತೆರಿಗೆ ರದ್ದು ಎಂದು ಸಾರಿದ್ದು ಬರಿದೇ ಅಲ್ಲ. ಅರಸ ಮರಳಿ ಬರಲಿ ಎಂಬ ಕೂಗಿನ ಒಳಗಿದ್ದ ಬೇಡಿಕೆ ಭತ್ತದ ತೀರ್ವೆ ಮರಳಲಿ ಎಂಬುದೇ ಆಗಿತ್ತು ಎನ್ನುವುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಡ.

ರಾತ್ರಿಗೆ ಪುತ್ತೂರಿನಲ್ಲೇ ಉಳಿದರಾಯಿತು. ಏಪ್ರಿಲ್ 10ರಿಂದ ಮಹಾಲಿಂಗೇಶ್ವರ ದೇವರ ಜಾತ್ರೆ ಶುರು. ಆ ಹತ್ತು ದಿನ ಲಾಡ್ಜುಗಳಲ್ಲಿ ಕೋಣೆ ಸಿಗುವುದು ಕಷ್ಟ.

ಮೂರನೇ ದಿನ: ಪಾಣೆಮಂಗಳೂರು, ನಂದಾವರ

ಮಂಗಳೂರಿನಿಂದ ಸಿಪಾಯಿಗಳನ್ನು ಕರೆದುಕೊಂಡು ಕಲೆಕ್ಟರ್ ಪುತ್ತೂರಿನ ತನಕ ಬಂದು, ದಂಡಿನ ಗಾತ್ರ ನೋಡಿ ಹಿಂದೆ ಸರಿದ. ಅವನು ಹಿಂದಿರುಗಿದ್ದೂ ದಂಡು ಹಿಂಬಾಲಿಸಿದ್ದೂ ಹೆಚ್ಚುಕಡಿಮೆ ಈಗಿನ ಹೆದ್ದಾರಿಯ ದಿಕ್ಕಿನಲ್ಲೇ.

ಮಾಣಿ ದಾಟಿ ಕಲ್ಲಡ್ಕ ಬಂದಾಗ ಮೇಲ್ಸೇತುವೆ ಹತ್ತಬೇಡಿ, ಹತ್ತಿದರೆ ಕೆ.ಟಿ. ತಪ್ಪಿತು. ಕೆಳಗಿನ ಸರ್ವಿಸ್ ರಸ್ತೆಯಲ್ಲೇ ಹೋಗಬೇಕು. ಕೆ.ಟಿ. ಎಂದರೆ ಕಲ್ಲಡ್ಕ ಟೀ: ಗ್ಲಾಸಿನ ಅಡಿಯಲ್ಲಿ ಬಿಳಿ ಹಾಲು, ಮೇಲೆ ಕಪ್ಪು ಡಿಕಾಕ್ಷನ್, ನಡುವೆ ಗೆರೆ ಎಳೆದ ಹಾಗೆ. ಸಕ್ಕರೆ ಹಾಕಿದ ಬಿಸಿಹಾಲು ಭಾರ. ಅದರ ಮೇಲೆ ಸಕ್ಕರೆಯಿಲ್ಲದ ಡಿಕಾಕ್ಷನ್ನನ್ನು ಎತ್ತರದಿಂದ ಸುರಿಯದೆ, ನೊರೆಯ ಮೇಲೆ ಮೆಲ್ಲಗೆ ಬಿಟ್ಟರೆ ಅದು ಮೇಲೇ ನಿಲ್ಲುತ್ತದೆ. ಸಕ್ಕರೆ ಕಡಿಮೆ ಮಾಡಿ ಎಂದವರ ಗ್ಲಾಸಿನಲ್ಲಿ ಗೆರೆ ಮಸುಕಾಗಿರುವುದನ್ನು ಗಮನಿಸಬಹುದು. ಕಲಕದೆ ಕುಡಿದರೆ ಮೊದಲು ಕಹಿ, ಕೊನೆಗೆ ಬರೀ ಸಿಹಿ ಹಾಲು. ಫೋಟೊ ಬೇಕಾದವರು ತೆಗೆದುಕೊಂಡು ಆಮೇಲೆ ಕಲಕಲಿ.

ಮೆಲ್ಕಾರಿನ ಬಳಿ ಹೆದ್ದಾರಿ ಬಿಟ್ಟು ಪಾಣೆಮಂಗಳೂರು ಪೇಟೆಗೆ ಇಳಿಯಿರಿ. ನೇತ್ರಾವತಿಯ ಹಳೆಯ ಕಬ್ಬಿಣದ ಸೇತುವೆ ಬರೀ ಒಂದು ವಾಹನದ ಅಗಲ. ದಂಡಿನ ಕಾಲಕ್ಕೆ ಅದೂ ಇರಲಿಲ್ಲ. ದೋಣಿ ಅಥವಾ ಬೇಸಗೆಯ ತೆಳು ನೀರು. ಬೇಸಗೆಯಲ್ಲೇ ಹೊರಟದ್ದರ ಲಾಭ ಇಲ್ಲಿ ಬಂದು ನಿಂತರೆ ತಿಳಿಯುತ್ತದೆ. ಜೂನ್ ಬಂದಿದ್ದರೆ ಈ ಹೊಳೆಯೇ ಕಂಪನಿಯ ಕಾವಲಾಗುತ್ತಿತ್ತು.

ಹತ್ತಿರದ ನಂದಾವರ ಬಂಗ ಅರಸರ ಊರು. ಹೊಳೆಯ ದಂಡೆಯಲ್ಲಿ ದೇವಸ್ಥಾನವಿದೆ. ಮಧ್ಯಾಹ್ನ ಬಾಗಿಲು ಹಾಕುವ ಮೊದಲು ತಲುಪಬೇಕು. ಇಲ್ಲಿನ ಲಕ್ಷ್ಮಪ್ಪ ಬಂಗರಸ ದಂಗೆಗೆ ಸೇರಿಕೊಂಡ. ಬಂಗರಿಗೂ ಹಾಲೇರಿಯವರಿಗೂ ನಂಟಿಲ್ಲ. ಒಬ್ಬರು ಜೈನ ಅರಸರು, ಇನ್ನೊಬ್ಬರು ಲಿಂಗಾಯತರು. ಗೌಡರು, ಬಂಟರು, ಬ್ರಾಹ್ಮಣರು, ಮಲೆಕುಡಿಯರು ಎಲ್ಲರೂ ಕಾಣದ ಒಬ್ಬ ಅರಸನ ಹೆಸರಿನಡಿ ಕೂಡಿದರು. ಅದೇ ಹೊತ್ತಿಗೆ ಅರಸನನ್ನು ಹತ್ತಿರದಿಂದ ಕಂಡಿದ್ದ ಕೊಡವ ಮುಖಂಡರಲ್ಲಿ ಬಹಳ ಮಂದಿ, ದಿವಾನ ಅಪ್ಪಾರಂಡ ಬೋಪಣ್ಣನೂ ಸೇರಿ, ಕಂಪನಿಯ ಕಡೆ ನಿಂತರು. ನಿಷ್ಠೆಗೆ ಪದಕಗಳನ್ನೂ ಪಡೆದರು.

ಬಿ.ಸಿ. ರೋಡಿನಿಂದ ಮಂಗಳೂರಿಗೆ ಸಂಜೆ ನಾಲ್ಕರ ಮೊದಲು ಹೊರಟರೆ ಪಡೀಲಿನ ಗೊಂದಲ ತಪ್ಪುತ್ತದೆ.

ನಾಲ್ಕನೇ ದಿನ: ಮಂಗಳೂರು

ಬೆಳಗ್ಗೆ ಮೊದಲು ಬಂದರಿನ ಧಕ್ಕೆ. ಆರರಿಂದ ಎಂಟರೊಳಗೆ ಮೀನಿನ ಹರಾಜು. ಕಾಲಿಗೆ ರಬ್ಬರ್ ಚಪ್ಪಲಿ ಸಾಕು, ಶೂ ಹಾಕಿದರೆ ಪಶ್ಚಾತ್ತಾಪ. 1837ರ ಏಪ್ರಿಲ್ 5ರಂದು ದಂಡು ಊರು ಹೊಕ್ಕು ಜೈಲಿನ ಬಾಗಿಲು ತೆರೆದು, ಕಚೇರಿಗೆ ಬೆಂಕಿ ಇಟ್ಟಾಗ ಇಂಗ್ಲಿಷ್ ಅಧಿಕಾರಿಗಳು ಹಡಗು ಹತ್ತಿ ಕಣ್ಣೂರಿಗೆ ಹೋದರು. ಅಳಿವೆಯಲ್ಲಿ ಮರಳಿನ ದಿಬ್ಬ ಇರುವುದರಿಂದ ದೊಡ್ಡ ಹಡಗು ಒಳಗೆ ಬರುತ್ತಿರಲಿಲ್ಲ; ಸಣ್ಣ ದೋಣಿಯಲ್ಲಿ ಹೊರಗೆ ಹೋಗಿ ಹತ್ತಬೇಕಿತ್ತು. ಅದನ್ನು ಅಂದಾಜು ಮಾಡಲು ಬೆಂಗ್ರೆಯ ದೋಣಿ ಹತ್ತಿ ಆಚೆ ದಡಕ್ಕೆ ಹೋಗಿ ಬಂದರೆ ಸಾಕು. ದಂಡಿಗೆ ಊರು ಸಿಕ್ಕಿತು, ಕಡಲು ಸಿಗಲಿಲ್ಲ. ಕಣ್ಣೂರು, ತಲಶ್ಶೇರಿ ಕಡೆಯಿಂದ ಅದೇ ಕಡಲಿನಲ್ಲಿ ಕಂಪನಿಯ ಪಡೆ ಬಂದಿಳಿಯಿತು. ಮಂಗಳೂರು ದಂಡಿನ ಕೈಯಲ್ಲಿದ್ದದ್ದು 13 ದಿನ ಎಂಬುದು ಊರಿನ ಲೆಕ್ಕ.

ಬಾವುಟಗುಡ್ಡೆಗೆ ಹಂಪನಕಟ್ಟೆಯಿಂದ ನಡೆದೇ ಹತ್ತಬಹುದು. ಏರು ಸಣ್ಣದು, ಆದರೆ ಒಂಬತ್ತು ಗಂಟೆಯ ಮೇಲೆ ಅಂಗಿ ಒದ್ದೆಯಾಗುವುದು ಖಂಡಿತ. ದಂಡು ಇಲ್ಲಿ ಕಂಪನಿಯ ಬಾವುಟ ಇಳಿಸಿ ತನ್ನದನ್ನು ಏರಿಸಿತು. ರಾಮಯ್ಯ ಗೌಡರ ಪ್ರತಿಮೆ ಅನಾವರಣವಾದದ್ದು 2022ರ ನವೆಂಬರಿನಲ್ಲಿ. ಪಕ್ಕದ ಠಾಗೋರ್ ಪಾರ್ಕಿನಲ್ಲಿ ಹಳೆಯ ದೀಪಸ್ತಂಭ. ಅಲ್ಲಿಂದ ಕಡಲು ಈಗ ಕಟ್ಟಡಗಳ ಸಂದಿಯಲ್ಲಿ ಚೂರುಚೂರಾಗಿ ಮಾತ್ರ ಕಾಣುತ್ತದೆ. ಬೆಂಚಿನಲ್ಲಿದ್ದ ಕಾಲೇಜು ಹುಡುಗರಿಬ್ಬರಿಗೆ ಗೌಡರ ಹೆಸರು ಗೊತ್ತಿತ್ತು, ಚಿಕ್ಕ ವೀರರಾಜೇಂದ್ರನದು ಗೊತ್ತಿರಲಿಲ್ಲ. ಅದು ತಪ್ಪೆಂದು ಹೇಳುವಂತಿಲ್ಲ.

ಅಲ್ಲಿಂದ ಬಲ್ಮಠ ಹತ್ತಿರ. ಬಾಸೆಲ್ ಮಿಷನ್ನಿನವರು ಮಂಗಳೂರಿಗೆ ಬಂದದ್ದು 1834ರ ಅಕ್ಟೋಬರಿನಲ್ಲಿ, ಅರಸ ಪದಚ್ಯುತನಾದ ಅದೇ ವರ್ಷ. ಅವರ ಮೊಗ್ಲಿಂಗ್ ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ' ಹೊರಡಿಸಿದ್ದು 1843ರ ಜುಲೈ 1ಕ್ಕೆ. ಅಂದರೆ ದಂಗೆಯ ವೇಳೆಗೆ ಕನ್ನಡದಲ್ಲಿ ಪತ್ರಿಕೆಯೇ ಇರಲಿಲ್ಲ. ಅರಸ ಎಲ್ಲಿದ್ದಾನೆ, ಹೇಗಿದ್ದಾನೆ ಎಂಬುದೆಲ್ಲ ಬಾಯಿಮಾತು, ನಿರೂಪ. ವಿಮಾನದ ಚುಕ್ಕೆ ನೋಡಿ ಕೂರುವ ಕಾಲದಲ್ಲಿ ಪುಟ್ಟಬಸಪ್ಪ ಎರಡು ದಿನವೂ ಕಲ್ಯಾಣಸ್ವಾಮಿಯಾಗಿ ಉಳಿಯುತ್ತಿರಲಿಲ್ಲ.

ಅರಸ ನಿಜವಾಗಿ ವಿದೇಶಕ್ಕೆ ಹೋದದ್ದು 1852ರಲ್ಲಿ. ಹನ್ನೊಂದು ವರ್ಷದ ಮಗಳು ಗೌರಮ್ಮನನ್ನು ಕರೆದುಕೊಂಡು ಇಂಗ್ಲೆಂಡಿಗೆ ಹೋದ. ಕಂಪನಿಯ ಸಾಲಪತ್ರಗಳಲ್ಲಿ ಮನೆತನ ಹಿಂದೆ ತೊಡಗಿಸಿದ್ದ ಹಣವನ್ನು ವಸೂಲು ಮಾಡಬೇಕಿತ್ತು, ಅಲ್ಲಿನ ಕೋರ್ಟಿನಲ್ಲಿ ದಾವೆ ಹೂಡಿದ. ಲಂಡನ್ನಿನ ಕಣ್ಣೆಲ್ಲ ಮಗಳ ಮೇಲೆ ಬಿತ್ತು. ಆ ವರ್ಷ ಜೂನ್ 30ರಂದು ಅರಮನೆಯಲ್ಲೇ ದೀಕ್ಷಾಸ್ನಾನ, ರಾಣಿ ವಿಕ್ಟೋರಿಯಾ ಧರ್ಮಮಾತೆ, ಹೊಸ ಹೆಸರೂ ರಾಣಿಯದ್ದೇ. ಆಸ್ಥಾನದ ವಿಂಟರ್‌ಹಾಲ್ಟರ್ ಅವಳ ಚಿತ್ರ ಬರೆದ. ಅಪ್ಪನ ಕೈಗೆ ಹಣ ಬರಲಿಲ್ಲ. ಅವನು 1859ರ ಸೆಪ್ಟೆಂಬರಿನಲ್ಲಿ ಲಂಡನ್ನಿನಲ್ಲೇ ತೀರಿಕೊಂಡ, ಸಮಾಧಿ ಕೆನ್ಸಲ್ ಗ್ರೀನಿನಲ್ಲಿದೆ. ಬೆಳ್ಳಾರೆಯಲ್ಲಿ ಅವನ ಹೆಸರು ಹಿಡಿದು ಎದ್ದವರಲ್ಲಿ ಕೆಲವರು ಅದಕ್ಕೂ ಮೊದಲೇ ಕಡಲು ದಾಟಿದ್ದರು, ಸಿಂಗಪುರಕ್ಕೆ ಗಡೀಪಾರಾಗಿ.

ಮಧ್ಯಾಹ್ನದ ಮೇಲೆ ಬಿಕರ್ನಕಟ್ಟೆ. ನಂತೂರು ವೃತ್ತ ದಾಟಿ ಕುಲಶೇಖರದ ದಾರಿ. ಸ್ಟೇಟ್ ಬ್ಯಾಂಕ್ ಬಸ್ ನಿಲ್ದಾಣದಿಂದ ಸಿಟಿ ಬಸ್ಸು ಆಗಾಗ ಇದೆ. ದಂಗೆಯವರಲ್ಲಿ ಹಲವರನ್ನು ಗಲ್ಲಿಗೇರಿಸಿದ್ದು ಇಲ್ಲಿ. ಬೋರ್ಡು ಹುಡುಕಿಕೊಂಡು ಹೋಗಬೇಡಿ, ಕಾರ್ಕಳದ ಹೆದ್ದಾರಿಯ ಗಿಜಿಗಿಜಿಯಲ್ಲಿ ನಿಂತು ನೋಡುವುದಕ್ಕೂ ಜಾಗವಿಲ್ಲ. ವಯಸ್ಸಾದ ರಿಕ್ಷಾದವರನ್ನು ಕೇಳಿದರೆ ಮಾತು ಸಿಗುತ್ತದೆ. "ಅರಸು ಒಂದು ಕಾಗದವಾದ್ರೂ ಕಳಿಸಿದ್ನಾ ಇವರಿಗೆ?" ಎಂದು ಒಬ್ಬರು ತಿರುಗಿ ಕೇಳಿದರು. ಮೀಟರ್ ಹಾಕಲು ಮಾತ್ರ ಮರೆಯಲಿಲ್ಲ.

ಇನ್ನೊಂದು ದಿನ ಕೈಯಲ್ಲಿದ್ದವರು ಈ ದಾರಿಗೆ ಮಡಿಕೇರಿಯನ್ನೂ ಸೇರಿಸಬಹುದು. ದಂಗೆಯ ಇನ್ನೊಬ್ಬ ಮುಂದಾಳು ಗುಡ್ಡೆಮನೆ ಅಪ್ಪಯ್ಯ ಗೌಡರನ್ನು 1837ರ ಅಕ್ಟೋಬರ್ 31ರಂದು ಗಲ್ಲಿಗೇರಿಸಿದ್ದು ಅಲ್ಲಿನ ಕೋಟೆಯಲ್ಲಿ. ಸುಳ್ಯದಿಂದ ಸಂಪಾಜೆ ಘಾಟಿ ಹತ್ತಬೇಕು. 2018ರ ಆಗಸ್ಟಿನಲ್ಲಿ ಜೋಡುಪಾಲ, ಮದೆನಾಡು ಬಳಿ ಗುಡ್ಡ ಜರಿದು ಮುಚ್ಚಿಹೋಗಿದ್ದ ರಸ್ತೆ ಅದು. ಹಾಗಾಗಿ ಮೇ ಮುಗಿಯುವುದರೊಳಗೆ, ಬೆಳಗಿನ ಹೊತ್ತು ಹೋಗಿಬನ್ನಿ.